ಪ್ರದರ್ಶನದ ಪಾತ್ರೆಗಳ ಚೀಟಿಯಲ್ಲಿ ‘ಊಟಕ್ಕೆ ಆಗುತ್ತೆ’ ಅಂತ ಬರೆಯೋ ಮುಂಚೆ ಏನೇನು ಪರೀಕ್ಷೆ ಮಾಡಬೇಕು?

ತಿಗರಿ_ಪಕ್ಕ

ನಮಸ್ಕಾರ. ಬೆಂಗಳೂರಿನ ಕುಂಬಾರರೊಬ್ಬರು ತಮ್ಮ ನಿತ್ಯಬಳಕೆಯ ಸೆರಾಮಿಕ್ ಪಾತ್ರೆಗಳ ಪ್ರದರ್ಶನ ಇಡುತ್ತಿದ್ದಾರೆ. ಕುಮಾರಕೃಪಾ ರಸ್ತೆ ಕಡೆ ಒಂದು ಹಾಲ್, ಮೂರು ದಿನ. ಇನ್ನೂ ಆರು ವಾರ ಸಮಯ ಇದೆ. ಪಾತ್ರೆ ಪಕ್ಕ ಇಡುವ ಚೀಟಿ, ಕೊಂಡವರ ಕೈಗೆ ಕೊಡುವ ಬಳಕೆಯ ಸೂಚನೆ, ಟೇಬಲ್ ಜೋಡಣೆ, ಪ್ಯಾಕಿಂಗ್ ಇಷ್ಟು ನನ್ನ ಪಾಲಿಗೆ ಬಂದಿದೆ.

ಮಣ್ಣು ರೆಡಿಮೇಡ್ ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಸುಟ್ಟು ಗಟ್ಟಿಯಾಗುವಂಥದ್ದು), ಚೀಲದ ಮೇಲೆ 1180–1280 ಡಿಗ್ರಿ ಎಂದಿದೆ. ಎಲೆಕ್ಟ್ರಿಕ್ ಕಿಲ್ನ್ (ಪಾತ್ರೆ ಸುಡುವ ಗೂಡು), 1220 ಡಿಗ್ರಿ ತೋರಿಸಿದ ತಕ್ಷಣ ಆಫ್. ಕೋನ್ (ಶಾಖ ಸಾಕಾದಾಗ ಬಾಗಿ ತೋರಿಸುವ ಸಣ್ಣ ಕಡ್ಡಿ) ಇಡುವ ಅಭ್ಯಾಸ ಇಲ್ಲ. ಗ್ಲೇಜ್ (ಮೇಲಿನ ಗಾಜಿನ ಲೇಪ) ನಾಲ್ಕು ಬಗೆ: ಹೊಳಪಿನ ಬಿಳಿ, ಕಪ್ಪು ಮ್ಯಾಟ್, ತಾಮ್ರದ ಹಸಿರು, ಇನ್ನೊಂದು ಸೆಲಡಾನ್ ಥರದ ತಿಳಿ ನೀಲಿ, ಅದರಲ್ಲಿ ಬಲೆ ಬಲೆಯಾಗಿ ಬಿರುಕು ಕಾಣುತ್ತೆ (ಅದು ಬೇಕು ಅಂತಲೇ ಬಿಟ್ಟಿರೋದು). ಪಾತ್ರೆಗಳು: ಕಾಫಿ ಬಟ್ಟಲು, ಊಟದ ತಟ್ಟೆ, ಸಾರಿನ ಬೋಗುಣಿ, ಟೀಪಾಟ್, ಉಪ್ಪಿನಕಾಯಿ ಜಾಡಿ. ಇವುಗಳ ಜೊತೆ ಪಾಟರಿ ಟೌನ್‌ನಿಂದ ತರಿಸಿದ ಒಂದಿಷ್ಟು ಕೆಂಪು ಮಣ್ಣಿನ ಅಡುಗೆ ಮಡಕೆಗಳೂ ಇರುತ್ತವೆ.

ಚೀಟಿಯಲ್ಲಿ ‘ಫುಡ್ ಸೇಫ್, ಮೈಕ್ರೋವೇವ್ ಸೇಫ್, ಡಿಶ್‌ವಾಷರ್ ಸೇಫ್’ ಅಂತ ಮೂರು ಸಾಲು ಹಾಕಿಬಿಡೋಣ ಅನ್ನೋದು ಎಲ್ಲರ ಸಲಹೆ. ಪರೀಕ್ಷೆ ಮಾಡದೆ ಹಾಕೋಕೆ ಮನಸ್ಸಿಲ್ಲ. ಲ್ಯಾಬಿಗೆ ಕೊಡುವ ಮುಂಚೆ ಸ್ಟುಡಿಯೋದಲ್ಲೇ ಮಾಡಬಹುದಾದದ್ದು ಏನು? ಜಾಡಿಗೆ ಬೇರೆ ಪರೀಕ್ಷೆ ಇದೆಯಾ?

ಕೋನ್_ಆರು

ಗ್ಲೇಜ್ ಆಮೇಲೆ ನೋಡೋಣ, ಮೊದಲು ಮಣ್ಣು. ಆ ಮೂರು ಸಾಲಲ್ಲಿ ಎರಡು ಸಾಲಿನ ಹಣೆಬರಹ ಸುಟ್ಟ ಮಣ್ಣು ಎಷ್ಟು ನೀರು ಕುಡಿಯುತ್ತೆ ಅನ್ನೋದರಲ್ಲೇ ಇದೆ.

ಅದೇ ಮಣ್ಣಿನ, ಗ್ಲೇಜ್ ಹಾಕದ ಮೂರು ತುಂಡು ಮಾಡಿ, ತಲಾ 50 ಗ್ರಾಂಗೆ ಕಡಿಮೆ ಇಲ್ಲದ ಹಾಗೆ. ಮುಂದಿನ ಗ್ಲೇಜ್ ಸುಡುವಿಕೆಯಲ್ಲಿ ಮೇಲಿನ, ನಡುವಿನ, ಕೆಳಗಿನ ಶೆಲ್ಫ್‌ನಲ್ಲಿ ಒಂದೊಂದು ಇಡಿ. ಹೊರಗೆ ಬಂದ ಮೇಲೆ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಒಣಗಿಸಿ, ತಣಿಸಿ, ತೂಗಿ. ಅಡುಗೆಮನೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವುದು ಬೇಕು. ಆಮೇಲೆ 5 ಗಂಟೆ ಕುದಿಸಿ, ಅದೇ ನೀರಿನಲ್ಲಿ 24 ಗಂಟೆ ಬಿಡಿ. ಕುದಿಯುವಾಗ ತುಂಡು ಪೂರ್ತಿ ಮುಳುಗಿರಬೇಕು. ತೆಗೆದು ಒದ್ದೆ ಬಟ್ಟೆಯಲ್ಲಿ ಮೇಲಿನ ನೀರಷ್ಟೇ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ರಂಧ್ರದೊಳಗಿನ ನೀರೂ ಎಳೆದುಕೊಂಡು ಲೆಕ್ಕ ಕಡಿಮೆ ಬರುತ್ತೆ. ಮತ್ತೆ ತೂಗಿ. ಹೆಚ್ಚಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತೆ.

ಶೇ. 1ರ ಒಳಗೆ ಇದ್ದರೆ ನೆಮ್ಮದಿ. 2ರ ತನಕ ಬಟ್ಟಲು, ತಟ್ಟೆಗೆ ನಡೆಯುತ್ತೆ. 3 ದಾಟಿತು ಅಂದರೆ ಮೈಕ್ರೋವೇವ್, ಡಿಶ್‌ವಾಷರ್ ಎರಡೂ ಮಾತು ಚೀಟಿಯಿಂದ ತೆಗೆಯಿರಿ. ಕಾರಣ ಇಷ್ಟೇ: ಬುಡದ ಉಂಗುರಕ್ಕೆ ಗ್ಲೇಜ್ ಇರುವುದಿಲ್ಲ, ತೊಳೆದಾಗಲೆಲ್ಲ ನೀರು ಅಲ್ಲಿಂದ ಹತ್ತುತ್ತೆ. ಮೈಕ್ರೋವೇವ್‌ನಲ್ಲಿ ಆ ನೀರೇ ಬಿಸಿಯಾಗಿ, ಒಳಗಿನ ಹಾಲು ಉಗುರುಬೆಚ್ಚಗಿರುವಾಗಲೇ ಹಿಡಿಕೆ ಕೈ ಸುಡುತ್ತೆ. ಇನ್ನೊಂದು ಕೇಡು ನಿಧಾನಕ್ಕೆ ಬರುವಂಥದ್ದು. ನೀರು ಕುಡಿಯುವ ಮಣ್ಣು ತಿಂಗಳುಗಟ್ಟಲೆ ತೇವದಲ್ಲಿ ಅಣುವಿನಷ್ಟು ಉಬ್ಬುತ್ತೆ, ಮೇಲಿನ ಗಾಜು ಉಬ್ಬುವುದಿಲ್ಲ, ಬಿರುಕು ಬಿಡುತ್ತೆ. ಪ್ರದರ್ಶನದ ದಿನ ಕನ್ನಡಿಯಂತಿದ್ದ ಬಟ್ಟಲು ಆರು ತಿಂಗಳಿಗೆ ಕೂದಲೆಳೆ ಬಿರುಕು ತೋರಿಸುವುದು ಹೀಗೆ.

ಚೀಲದ ಮೇಲಿನ 1180–1280 ಅನ್ನೋದು ಮಾರುವವರ ಉದಾರತೆ. ಒಂದೇ ಮಣ್ಣು 1180ಕ್ಕೂ ಗಟ್ಟಿಯಾಗಿ 1280ಕ್ಕೂ ಕುಸಿಯದೆ ಇರೋಕೆ ಸಾಧ್ಯ ಇಲ್ಲ. 1280ಕ್ಕೆ ನಿಲ್ಲುವ ಮಣ್ಣಾದರೆ 1220ಕ್ಕೆ ಅದು ಹಸಿಹಸಿ. ನಿಮ್ಮ ಅಂಕಿ ಬರಲಿ, ಆಮೇಲೆ ಮಾತಾಡೋಣ.

ಕಾಯೋಕೆ ತಾಳ್ಮೆ ಇಲ್ಲದಿದ್ದರೆ, ಒಡೆದ ಪಾತ್ರೆಯ ಹೊಸ ಮುರುಕಿನ ಮೇಲೆ ಫೌಂಟನ್ ಪೆನ್ ಶಾಯಿಯ ಒಂದು ಹನಿ ಬಿಟ್ಟು, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಲೆ ಹೋದರೆ ಮಣ್ಣು ಕೂಡಿದೆ (ರಂಧ್ರ ಮುಚ್ಚಿ ಗಟ್ಟಿಯಾಗಿದೆ), ಉಳಿದು ಹರಡಿದ್ದರೆ ಇಲ್ಲ. ವಿದ್ಯುತ್ ಕಂಬದ ಪಿಂಗಾಣಿ ಇನ್ಸುಲೇಟರ್‌ಗಳ ಮುರುಕನ್ನೂ ಒತ್ತಡದಲ್ಲಿ ಫುಕ್ಸಿನ್ ಬಣ್ಣದ ದ್ರಾವಣದಲ್ಲಿಟ್ಟು ಹೀಗೇ ನೋಡುತ್ತಾರೆ. ಐಐಎಸ್‌ಸಿ ಹತ್ತಿರ ಅಂಥ ಇನ್ಸುಲೇಟರ್ ಮಾಡುತ್ತಿದ್ದ ಹಳೇ ಮೈಸೂರು ಪೋರ್ಸಲೇನ್ಸ್ ಕಾರ್ಖಾನೆ ಆಮೇಲೆ ಬಿಎಚ್‌ಇಎಲ್‌ಗೆ ಸೇರಿದ್ದು ಹಳಬರಿಗೆ ಗೊತ್ತಿರುತ್ತೆ.

ಸಿಲಿಕಾ_ಸಾಕಾ

ಮೇಲಿನವರು ಮಣ್ಣಿನ ಬಗ್ಗೆ ಹೇಳಿದ್ದು ಸರಿ. ಗ್ಲೇಜ್ ಬಗ್ಗೆ ಹೇಳ್ತೀನಿ.

‘ಸೀಸ ಹಾಕಿಲ್ಲ’ ಅನ್ನೋದು ರೆಸಿಪಿಯ ಮಾತು. ‘ಊಟಕ್ಕೆ ಆಗುತ್ತೆ’ ಅನ್ನೋದು ಸುಟ್ಟು ಬಂದ ಗಾಜಿನ ಮಾತು. ಎರಡನ್ನೂ ಕಲಸಬೇಡಿ. ಸೀಸವೇ ಇಲ್ಲದ ಗ್ಲೇಜ್ ಕೂಡ ತಾಮ್ರ, ಮ್ಯಾಂಗನೀಸ್, ಬೇರಿಯಂ ಬಿಟ್ಟುಕೊಡಬಹುದು. ಮೊದಲು ಮಾಡಬೇಕಾದ ಕೆಲಸ ಕಾಗದದ್ದು: ಪ್ರತಿ ಗ್ಲೇಜ್‌ನ ರೆಸಿಪಿ ಬರೆಸಿಕೊಳ್ಳಿ, ಅದರಲ್ಲಿರುವ ಪ್ರತಿ ಫ್ರಿಟ್‌ಗೂ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) ಮಾರಿದವರಿಂದ ವಿಶ್ಲೇಷಣೆಯ ಹಾಳೆ ಕೇಳಿ. ಹಾಳೆ ಇಲ್ಲದ ಫ್ರಿಟ್, ಹೆಸರು ಗೊತ್ತಿಲ್ಲದ ಕೆಂಪು-ಕಿತ್ತಳೆ ಸ್ಟೇನ್ (ಬಣ್ಣದ ಪುಡಿ) ಊಟ ತಾಗುವ ಮೈಗೆ ಬೇಡವೇ ಬೇಡ. ಕಿತ್ತಳೆ-ಕೆಂಪಿನಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆ ಹೆಚ್ಚು.

ಆಮೇಲೆ ಆಮ್ಲ. ಅಂಗಡಿಯ ಬಿಳಿ ವಿನೆಗರ್ ಸಾಮಾನ್ಯವಾಗಿ ಶೇ. 4–5 ಅಸಿಟಿಕ್ ಆಮ್ಲ. ಬಟ್ಟಲಿಗೆ ಅರ್ಧ ಮಟ್ಟ ಸುರಿದು, ಮುಚ್ಚಿ, 24 ಗಂಟೆ ಬಿಡಿ. ತೊಳೆದು ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದು ವಿನೆಗರ್ ನಿಂತಿದ್ದ ಗೆರೆ ಹುಡುಕಿ. ಗೆರೆ ಕಂಡರೆ, ಬಣ್ಣ ತಿಳಿಯಾದರೆ, ಹೊಳಪು ಹೋದರೆ, ಬೆರಳಿಗೆ ಒರಟು ತಾಗಿದರೆ ಆ ಗ್ಲೇಜ್ ಒಳಮೈಗೆ ಫೇಲ್. ನಿಂಬೆ ಹೋಳು ಒಂದು ರಾತ್ರಿ ಬೋರಲು ಹಾಕಿದರೂ ಅದೇ ಕಥೆ. ಪರೀಕ್ಷೆ ಮಾಡಿದ ಬಟ್ಟಲನ್ನು ಆಮೇಲೆ ಮಾರಬೇಡಿ. ನಮ್ಮ ಅಡುಗೆಯ ಹುಣಸೆ, ನಿಂಬೆ, ಹುಳಿ ಮಜ್ಜಿಗೆ ಪಟ್ಟಿ ನೋಡಿದರೆ ಈ ಪರೀಕ್ಷೆ ಅತಿಯಾಯ್ತು ಅಂತ ಯಾರೂ ಹೇಳಲಾರರು.

ಪಾಸಾದರೆ? ಸುರಕ್ಷಿತ ಅಂತ ಸಾಬೀತಾಗಲಿಲ್ಲ. ಕಣ್ಣಿಗೆ ಕಾಣದಷ್ಟು ಸೀಸ ಬಿಟ್ಟರೂ ಮೈಮೇಲೆ ಗುರುತು ಬರಲ್ಲ. ಐಎಸ್ 9806 ಎಂಬ ಭಾರತೀಯ ಮಾನಕದ ಪ್ರಕಾರ ಸೀಸ, ಕ್ಯಾಡ್ಮಿಯಂ ಎಷ್ಟು ಬಿಡುತ್ತೆ ಅಂತ ಅಳೆಯೋದು ಲ್ಯಾಬ್ ಕೆಲಸ: ಶೇ. 4 ಅಸಿಟಿಕ್ ಆಮ್ಲ, ಸುಮಾರು 22 ಡಿಗ್ರಿ, 24 ಗಂಟೆ, ಆಮೇಲೆ ಆ ದ್ರಾವಣವನ್ನು ಯಂತ್ರದಲ್ಲಿ ಓದುತ್ತಾರೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಡೆ ಕೇಳಿ, ಪ್ರತಿ ಗ್ಲೇಜ್‌ಗೆ ನಾಲ್ಕು ಬಟ್ಟಲು ಕೊಡಿ. ಒಂದೇ ಕಿಲ್ನ್‌ನ ಬೇರೆ ಬೇರೆ ಶೆಲ್ಫ್‌ನಿಂದ ಆರಿಸಿ, ಇಲ್ಲದಿದ್ದರೆ ಚೆನ್ನಾಗಿ ಸುಟ್ಟ ಜಾಗದ ನಾಲ್ಕು ಬಟ್ಟಲು ಹೋಗಿ ಹಸಿ ಉಳಿದವಕ್ಕೂ ಸರ್ಟಿಫಿಕೇಟ್ ಸಿಕ್ಕ ಹಾಗಾಗುತ್ತೆ.

ಡಿಶ್‌ವಾಷರ್‌ನ ಪೌಡರ್ ಕ್ಷಾರ, ಅದರ ಪರೀಕ್ಷೆ ಬೇರೆ. ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಸ್ಟೀಲ್ ಪಾತ್ರೆಯಲ್ಲಿ (ಅಲ್ಯುಮಿನಿಯಂ ಬೇಡ, ಸೋಡಾ ಅದನ್ನೇ ತಿನ್ನುತ್ತೆ) ಗ್ಲೇಜ್ ತುಂಡನ್ನು ಅರ್ಧ ಮುಳುಗಿಸಿ ಸಣ್ಣ ಉರಿಯಲ್ಲಿ 6 ಗಂಟೆ. ಮುಳುಗಿದ ಅರ್ಧಕ್ಕೂ ಮೇಲಿನ ಅರ್ಧಕ್ಕೂ ವ್ಯತ್ಯಾಸ ಕಂಡರೆ ‘ಕೈಯಲ್ಲಿ ತೊಳೆಯಿರಿ’ ಅಂತ ಬರೆಯಿರಿ.

ನಿಮ್ಮ ಕಪ್ಪು ಮ್ಯಾಟ್ ಮೇಲೆ ನನಗೆ ಅನುಮಾನ. ಮ್ಯಾಟ್ ಎರಡು ಥರ ಬರುತ್ತೆ. ತಣಿಯುವಾಗ ಸಣ್ಣ ಹರಳು ಕಟ್ಟಿ ಆದದ್ದು ಒಂದು. ಪೂರ್ತಿ ಕರಗದೆ ಉಳಿದು ಆದದ್ದು ಇನ್ನೊಂದು, ನೋಡೋಕೆ ಮ್ಯಾಟ್, ನಿಜದಲ್ಲಿ ಅರೆಬೆಂದದ್ದು. ಸ್ಟೀಲ್ ಚಮಚದ ಹಿಂಬದಿಯಿಂದ ಒತ್ತಿ ಗೆರೆ ಎಳೆಯಿರಿ. ಬೂದು ಗೆರೆ ಬಿದ್ದು ಅಡುಗೆ ಸೋಡಾ ಪೇಸ್ಟ್‌ಗೂ ಹೋಗದಿದ್ದರೆ ತಟ್ಟೆಯ ಒಳಮೈಗೆ ಅದು ಬೇಡ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಪ್ಪು ಮ್ಯಾಟ್ ಮೇಲೆ ಬಿಳಿ ಸುಣ್ಣದ ಕಲೆ ಎದ್ದು ಕಾಣುತ್ತೆ. ಅದು ಗ್ಲೇಜ್ ದೋಷ ಅಲ್ಲ, ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿದರೆ ಹೋಗುತ್ತೆ. ಇದನ್ನು ಸೂಚನೆಯಲ್ಲಿ ಬರೆದರೆ ಅರ್ಧ ದೂರು ಬರೋದೇ ಇಲ್ಲ.

ತಾಮ್ರದ ಹಸಿರನ್ನು ಹೊರಮೈಗೆ ಮಾತ್ರ, ಅದೂ ಅಂಚಿನಿಂದ 2 ಸೆಂ.ಮೀ. ಕೆಳಗೆ ನಿಲ್ಲಿಸಿ. ತುಟಿ ತಾಗುವ ಜಾಗ ಒಳಮೈಗೆ ಸಮ.

ಬಿರುಕಿನ ಸೆಲಡಾನ್ ಊಟಕ್ಕೆ ಬೇಡ ಅನ್ನೋದು ನನ್ನ ಮತ. ಸಾಂಬಾರಿನ ಎಣ್ಣೆ-ಅರಿಶಿನ ಬಿರುಕಿನೊಳಗೆ ಕೂತರೆ ಯಾವ ಸೋಪಿಗೂ ಬರಲ್ಲ. ಬಿರುಕು ಬಿಟ್ಟ ಗ್ಲೇಜ್ ಪಾತ್ರೆಯ ಗಟ್ಟಿತನವನ್ನೂ ಇಳಿಸುತ್ತೆ. ಗ್ಲೇಜ್ ತಣಿಯುವಾಗ ಮಣ್ಣಿಗಿಂತ ಹೆಚ್ಚು ಕುಗ್ಗುವುದರಿಂದ ಆಗುವ ಬಿರುಕು ಇದು. ರೆಸಿಪಿಗೆ 325 ಮೆಶ್ (ತೀರಾ ನುಣ್ಣಗಿನ) ಕ್ವಾರ್ಟ್ಜ್ ಪುಡಿ ಶೇ. 5, 10, 15 ಸೇರಿಸಿ ಮೂರು ಟೈಲ್ ಸುಡಿ, ಒಂದರಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಜಾಸ್ತಿ ಹಾಕಿದರೆ ಗ್ಲೇಜ್ ಕರಗೋದೇ ಕಷ್ಟ, ಅದಕ್ಕೇ ಹಂತ ಹಂತವಾಗಿ.

ತೆಂಕಣ_ಗಾಳಿ

ಸಿಲಿಕಾ ಅವರೇ, ಬಿರುಕನ್ನು ಒಂದೇ ಏಟಿಗೆ ದೋಷ ಅನ್ನಬೇಡಿ. ಚೀನಾದ ಸೋಂಗ್ ರಾಜವಂಶದ ಕಾಲದ ‘ಗೆ’ ಎಂಬ ಬಗೆಯ ಪಾತ್ರೆಗಳಲ್ಲಿ ಬೇಕೆಂತಲೇ ಬಿರುಕು ಬಿಡಿಸಿ ಅದಕ್ಕೆ ಬಣ್ಣ ಕುಡಿಸುತ್ತಿದ್ದರು. ಕೆಳಗಿನ ಮಣ್ಣು ಶೇ. 1ರ ಒಳಗೆ ಇದ್ದರೆ, ಬಿರುಕಿನ ಬಟ್ಟಲಲ್ಲಿ ಹಾಲಿಲ್ಲದ ಚಹಾ ಕುಡಿಯೋಕೆ, ಒಣಹಣ್ಣು ಇಡೋಕೆ ಏನೂ ತೊಂದರೆ ಇಲ್ಲ. ಸಾಂಬಾರಿಗೆ ಬೇಡ ಅನ್ನೋದು ಒಪ್ತೀನಿ. ಚೀಟಿಯಲ್ಲಿ ‘ಬಿರುಕು ಉದ್ದೇಶಪೂರ್ವಕ, ಚಹಾ ಮತ್ತು ಒಣ ತಿನಿಸಿಗೆ’ ಎಂದು ಹಾಕಿ, ಬೇರೆ ಟೇಬಲ್‌ಗೆ ಇಡಿ.

ಆದರೆ ಬಿಳಿ ಗ್ಲೇಜ್ ಬಿರುಕು ಬಿಡಬಾರದು. ಅದನ್ನು ಈಗಲೇ ಹೊರಗೆಳೆಯೋಕೆ: ಖಾಲಿ ಬಟ್ಟಲನ್ನು ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಸಿಂಕ್‌ನಲ್ಲಿಟ್ಟು ಕುದಿಯುವ ನೀರು ಸುರಿಯಿರಿ, ಮುಖ ದೂರ ಇರಲಿ. ಮೂರು ಸಲ ಮಾಡಿ ಶಾಯಿ ಬಳಿದು ಒರೆಸಿ ನೋಡಿ, ಬಿರುಕಿದ್ದರೆ ಗೆರೆ ಉಳಿಯುತ್ತೆ. ಇದಕ್ಕೆ ವಿರುದ್ಧದ ದೋಷ ಇನ್ನೂ ಅಪಾಯ: ಗ್ಲೇಜ್ ಕಡಿಮೆ ಕುಗ್ಗಿ, ಅಂಚಿನಲ್ಲಿ, ಹಿಡಿಕೆಯ ಏಣಿನಲ್ಲಿ ಚಕ್ಕೆ ಎದ್ದು ಬರೋದು. ಚಕ್ಕೆ ಅಂದರೆ ಗಾಜಿನ ಚೂರು, ನೇರ ಬಾಯಿಗೆ. ಅಂಚನ್ನು ಮರದ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ನೋಡಿ. ಒಂದು ಚಕ್ಕೆ ಎದ್ದರೂ ಆ ಬ್ಯಾಚ್ ಪೂರ್ತಿ ಹಿಂದಕ್ಕೆ.

ಮಿಡಿ_ಉಪ್ಪು

ಜಾಡಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ನಾನು ಹೇಳ್ತೆ.

ಎಲ್ಲ ಪಾತ್ರೆಗಿಂತ ಕಷ್ಟದ ಕೆಲಸ ಜಾಡಿದು. ಬಟ್ಟಲಲ್ಲಿ ಕಾಫಿ ಹತ್ತು ನಿಮಿಷ ಇರುತ್ತೆ, ಜಾಡಿಯಲ್ಲಿ ಅಪ್ಪೆಮಿಡಿ ಉಪ್ಪು-ಹುಳಿ ಜೊತೆ ವರ್ಷಗಟ್ಟಲೆ. ಉಪ್ಪುನೀರು ಒಂದು ಸಣ್ಣ ಬಿರುಕು ಹುಡುಕಿಕೊಂಡು ಮಣ್ಣಿಗೆ ಇಳಿಯಿತು ಅಂದರೆ ಹೊರಮೈಗೆ ಬಂದು ಒಣಗುತ್ತೆ, ಹರಳು ಕಟ್ಟುತ್ತೆ. ಆ ಹರಳು ಬೆಳೆಯುವ ಒತ್ತಡಕ್ಕೆ ಹೊರಗಿನ ಗ್ಲೇಜ್ ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಬರುತ್ತೆ. ಹಳೇ ಕಂದು-ಬಿಳಿ ಜಾಡಿ ಕೆಲವದರ ಬುಡದಲ್ಲಿ ಬಿಳಿ ಹಿಟ್ಟು ಹಿಡಿದ ಹಾಗೆ ಕಾಣೋದು ಅದೇ.

ಪರೀಕ್ಷೆ: ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿ ಕುತ್ತಿಗೆವರೆಗೂ ತುಂಬಿ, ಮುಚ್ಚಳ ಹಾಕಿ, ಕಪ್ಪು ಕಾಗದದ ಮೇಲೆ ಎರಡು ವಾರ ಇಡಿ. ನಿಮಗೆ ಆರು ವಾರ ಇದೆಯಲ್ಲ, ಇವತ್ತೇ ಶುರು ಮಾಡಿ. ದಿನಾ ಬುಡದ ಉಂಗುರ ನೋಡಿ. ಕಾಗದದಲ್ಲಿ ವೃತ್ತಾಕಾರದ ತೇವ ಕಂಡರೆ, ಬುಡದಲ್ಲಿ ನಾಲಿಗೆಗೆ ಉಪ್ಪು ಸಿಕ್ಕರೆ ಆ ಜಾಡಿ ಸಕ್ಕರೆ ಡಬ್ಬಿ ಅಂತ ಮಾರಿ. ಪ್ರತಿ ಜಾಡಿಗೂ ಮಾಡಬೇಕು, ಒಂದನ್ನು ನೋಡಿ ಉಳಿದದ್ದಕ್ಕೆ ಪಾಸು ಕೊಡಬೇಡಿ.

ಒಳಮೈ ಹೊಳಪಿನ ಬಿಳಿಯೇ ಆಗಬೇಕು, ಬಣ್ಣ ಬೇಡ. ಒಳಗೆ ಬೆರಳಾಡಿಸಿ ಸೂಜಿರಂಧ್ರ ಇದೆಯಾ ನೋಡಿ. ಬುಡ-ಗೋಡೆ ಸೇರುವ ಮೂಲೆಯಲ್ಲೇ ಅದು ಹೆಚ್ಚು, ಗ್ಲೇಜ್ ಅಲ್ಲಿ ದಪ್ಪ ಕೂರುತ್ತೆ. ಬಾಯಿ ಒಳ ಅಳತೆ 9–10 ಸೆಂ.ಮೀ. ಇಲ್ಲದಿದ್ದರೆ ಸೌಟು ಹೋಗಲ್ಲ. ಭುಜದ ಕೆಳಗೆ ತೀರಾ ಒಳಬಾಗಿಸಿದರೆ ನೋಡೋಕೆ ಚೆಂದ, ತೊಳೆದು ಒಣಗಿಸೋಕೆ ಆಗಲ್ಲ, ತೇವ ಉಳಿದರೆ ಉಪ್ಪಿನಕಾಯಿ ಬೂಸ್ಟು. ಕುತ್ತಿಗೆಗೆ ಬಟ್ಟೆ ಕಟ್ಟುವ ದಾರ ಕೂರೋಕೆ ಒಂದು ಸಣ್ಣ ತೋಡು ಬಿಡಿಸಿ.

ಅಳತೆ ಲೆಕ್ಕದಲ್ಲಿ ಸುಮಾರು ಜನ ಎಡವುತ್ತಾರೆ. ಮಣ್ಣು ಉದ್ದಳತೆಯಲ್ಲಿ ಶೇ. 12 ಕುಗ್ಗಿದರೆ ಹಿಡಿಸುವ ಗಾತ್ರ ಸುಮಾರು ಮೂರನೇ ಒಂದು ಭಾಗ ಹೋಗುತ್ತೆ. ಎರಡು ಲೀಟರಿನ ಜಾಡಿಗೆ ಒಳಗೆ 12 ಸೆಂ.ಮೀ. ಅಗಲ, 18 ಎತ್ತರ ಬೇಕು. ತಿಗರಿ ಮೇಲೆ ಅದು 13.6 ಅಗಲ, 20.5 ಎತ್ತರ ಇರಬೇಕು. ಚೀಟಿಯಲ್ಲಿ ಲೀಟರ್ ಬರೆಯೋಕೆ ಮುಂಚೆ ನೀರು ಅಳೆದು ಹುಯ್ದು ನೋಡಿ.

ತಿಗರಿ_ಪಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಿ ಬಂದಿದೆ. ಮೇಲಿನ ಶೆಲ್ಫ್ ಶೇ. 2.1, ನಡುವೆ 2.9 (62.4 ಗ್ರಾಂ ಇದ್ದದ್ದು 64.2 ಆಯ್ತು), ಕೆಳಗೆ 3.6. ಬಿಳಿ ಗ್ಲೇಜ್ ವಿನೆಗರ್‌ಗೂ ಫ್ರೀಜರ್‌ಗೂ ನಿಂತಿತು. ಹಸಿರು ವಿನೆಗರ್ ಗೆರೆ ತೋರಿಸಿತು. ಕಪ್ಪು ಮ್ಯಾಟ್ ಮೇಲೆ ಚಮಚದ ಗೆರೆ ಬಿತ್ತು, ಸೋಡಾಗೆ ಅರ್ಧ ಹೋಯ್ತು. ಆರು ಜಾಡಿಯಲ್ಲಿ ಎರಡರ ಬುಡ ನಾಲ್ಕನೇ ದಿನಕ್ಕೇ ಒದ್ದೆ.

ಈಗ ಸುಟ್ಟಾಗಿರುವ ಮಾಲನ್ನು ಮತ್ತೆ 1250ಕ್ಕೆ ಸುಟ್ಟರೆ ಸರಿಹೋಗುತ್ತಾ?

ಕೋನ್_ಆರು

ಮೇಲೆ ಕೆಳಗೆ ಒಂದೂವರೆ ಶೇಕಡಾ ವ್ಯತ್ಯಾಸ ಇದೆ, ಅಂದರೆ ಕಿಲ್ನ್ ಸಮ ಇಲ್ಲ. ಕಂಟ್ರೋಲರ್ ಒಂದು ಬಿಂದುವಿನ ಶಾಖ ಮಾತ್ರ ಹೇಳುತ್ತೆ. ಅದೂ ಕೆ-ಟೈಪ್ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಆಗಿದ್ದರೆ 1200 ಮೇಲೆ ಪದೇ ಪದೇ ಓಡಿಸಿದಾಗ ಜಾರುತ್ತೆ, ಅಂಕಿ ನಂಬೋ ಹಾಗಿಲ್ಲ. ಕೋನ್ ಹೇಳೋದು ಶಾಖ ಮತ್ತು ಸಮಯ ಎರಡೂ ಸೇರಿದ ಲೆಕ್ಕ. ಆರ್ಟನ್ ಕಂಪನಿಯ 6ನೇ ನಂಬರ್ ಕೋನ್ (ಕೋನ್ 6), ಕೊನೆಯ ಹಂತದಲ್ಲಿ ಗಂಟೆಗೆ 60 ಡಿಗ್ರಿ ಏರಿಸಿದರೆ ಸುಮಾರು 1222ಕ್ಕೆ ಬಾಗುತ್ತೆ; 150ರಂತೆ ಓಡಿಸಿದರೆ 1243 ಬೇಕು. ನೀವು ವೇಗವಾಗಿ ಏರಿಸಿ 1220ಕ್ಕೆ ಆಫ್ ಮಾಡಿದರೆ ಕೋನ್ 6 ತಲುಪಿಯೇ ಇಲ್ಲ.

ಮುಂದಿನ ಲೋಡ್‌ಗೆ ಪ್ರತಿ ಶೆಲ್ಫ್‌ನಲ್ಲೂ 5, 6, 7 ಮೂರು ಕೋನ್ ಸಾಲಾಗಿ ಇಡಿ. ಕೊನೆಯ 100 ಡಿಗ್ರಿ ಗಂಟೆಗೆ 60ರಂತೆ, ತುದಿಯಲ್ಲಿ 20 ನಿಮಿಷ ಹಿಡಿದು ನಿಲ್ಲಿಸಿ. ಹಿಡಿದು ನಿಲ್ಲಿಸೋದರಿಂದ ಕೆಳ ಶೆಲ್ಫ್ ಮೇಲಿನದರ ಮಟ್ಟಕ್ಕೆ ಬರುತ್ತೆ, ಸೂಜಿರಂಧ್ರಗಳೂ ಮುಚ್ಚುತ್ತವೆ. ಕೆಳಗಿನ ಶೆಲ್ಫ್ ನೆಲಕ್ಕೆ ಅಂಟಿಕೊಂಡಿದ್ದರೆ 4–5 ಸೆಂ.ಮೀ. ಎತ್ತರಿಸಿ, ತಟ್ಟೆಗಳನ್ನು ಅಲ್ಲಿ ಒತ್ತಾಗಿ ತುಂಬಬೇಡಿ. ಇಷ್ಟಕ್ಕೂ ಶೇ. 2 ಕೆಳಗೆ ಬರದಿದ್ದರೆ ಈ ಮಣ್ಣು ಈ ಕಿಲ್ನ್‌ಗೆ ಅಲ್ಲ, ಕೋನ್ 6ಕ್ಕೇ ಕೂಡುವ ಮಣ್ಣು ತನ್ನಿ. 1250ಕ್ಕೆ ಏರಿಸಿದರೆ ನಿಮ್ಮ ಗ್ಲೇಜ್ ನಾಲ್ಕೂ ಹರಿದು ಶೆಲ್ಫ್ ಹಿಡಿಯೋ ಸಂಭವ ಇದೆ.

ಮರುಸುಡುವುದು: ಎಲ್ಲವನ್ನೂ ಮಾಡಬೇಡಿ. ತಟ್ಟೆ ಬಾಗುತ್ತೆ, ಟೀಪಾಟ್ ಮುಚ್ಚಳ ಅಂಟುತ್ತೆ. ಬಟ್ಟಲು ಎರಡು ಇಟ್ಟು ನೋಡಿ, ಕೆಳಗೆ ಬಿಸ್ಕ್ (ಗ್ಲೇಜ್ ಹಾಕದೆ ಒಮ್ಮೆ ಸುಟ್ಟ) ಮಣ್ಣಿನ ಬಿಲ್ಲೆ ಇರಲಿ. ಒಮ್ಮೆ ಗ್ಲೇಜ್ ಆದ ಪಾತ್ರೆ 573 ಡಿಗ್ರಿ ಹತ್ತಿರ ಕ್ವಾರ್ಟ್ಜ್ ರೂಪ ಬದಲಿಸುವಾಗ ಸೀಳುತ್ತೆ, ಅದಕ್ಕೇ 500ರಿಂದ 650ರವರೆಗೆ ಗಂಟೆಗೆ 60ಕ್ಕಿಂತ ಜೋರಾಗಿ ಹೋಗಬೇಡಿ, ಇಳಿಯುವಾಗಲೂ ಅಷ್ಟೇ. 100ಕ್ಕಿಂತ ಕೆಳಗೆ ಬರುವವರೆಗೆ ಬಾಗಿಲು ಮುಟ್ಟಬೇಡಿ.

ನನ್ನ ಸಲಹೆ: ಇರುವ ಮೇಲಿನ ಮತ್ತು ನಡುವಿನ ಶೆಲ್ಫ್ ಬಟ್ಟಲುಗಳನ್ನು ‘ಕೈಯಲ್ಲಿ ತೊಳೆಯಿರಿ, ಮೈಕ್ರೋವೇವ್ ಬೇಡ’ ಅಂತ ಮಾರಿ. ಜಾಡಿ ಮತ್ತು ತಟ್ಟೆ ಹೊಸದಾಗಿ ಸುಡಿ. ಆರು ವಾರದಲ್ಲಿ ಎರಡು ಲೋಡ್ ಆರಾಮಾಗಿ ಆಗುತ್ತೆ. ಮಳೆ ಹಿಡಿದಿದ್ದರೆ ಮಾತ್ರ ದಪ್ಪ ಜಾಡಿ ಒಣಗೋಕೆ ಎರಡು ವಾರ ಇಟ್ಟುಕೊಳ್ಳಿ. ಮೇಲೆ ಒಣಗಿ ಬುಡ ಹಸಿ ಉಳಿದರೆ ಬುಡದಲ್ಲಿ ಎಸ್ ಆಕಾರದ ಸೀಳು ಬರುತ್ತೆ. ತಲೆಕೆಳಗಾಗಿ ತಂತಿಜಾಲರಿ ಮೇಲೆ ಇಡಿ, ಬಾಯಿಗೆ ಪ್ಲಾಸ್ಟಿಕ್ ಸುತ್ತಿ.

ಡಬರಿ_ಲೋಟ

ಪರೀಕ್ಷೆ ಎಲ್ಲ ಆಯ್ತು, ಬಳಕೆಯ ಮಾತು ಬರಲಿ. ನಿತ್ಯಬಳಕೆಯ ಪಾತ್ರೆ ಅಂದಮೇಲೆ ಕಾಫಿ ಬಿಸಿ ಉಳಿಯದಿದ್ದರೆ ಬೆಂಗಳೂರಲ್ಲಿ ಯಾರು ಕೊಳ್ಳುತ್ತಾರೆ?

120 ಮಿ.ಲೀ. ಫಿಲ್ಟರ್ ಕಾಫಿ 80 ಡಿಗ್ರಿಯಲ್ಲಿ ಸುರಿದರೆ, 25 ಡಿಗ್ರಿಯ ತಣ್ಣಗಿನ 250 ಗ್ರಾಂ ಸ್ಟೋನ್‌ವೇರ್ ಬಟ್ಟಲು ಶಾಖ ಎಳೆದುಕೊಂಡು ಕಾಫಿಯನ್ನು 63ರ ಆಸುಪಾಸಿಗೆ ಇಳಿಸುತ್ತೆ, ಗಾಳಿಗೆ ಹೋಗೋದು ಬೇರೆ. ಬಟ್ಟಲು 150 ಗ್ರಾಂ ಇದ್ದರೆ 68. ಅದೇ 250 ಗ್ರಾಂ ಬಟ್ಟಲನ್ನು ಬಿಸಿನೀರಲ್ಲಿ ತೊಳೆದು 60ಕ್ಕೆ ತಂದಿದ್ದರೆ 74 ಉಳಿಯುತ್ತೆ. (ಮಣ್ಣಿನ ವಿಶಿಷ್ಟ ಶಾಖ ಗ್ರಾಂಗೆ 0.9 ಜೂಲ್ ಎಂದು ಹಿಡಿದ ಲೆಕ್ಕ.) ಹಾಗಾಗಿ ಸೂಚನೆಯಲ್ಲಿ ‘ಕಾಫಿ ಹುಯ್ಯೋ ಮುಂಚೆ ಬಿಸಿನೀರು ಹಾಕಿ ಚೆಲ್ಲಿ’ ಅನ್ನೋ ಒಂದು ಸಾಲು ಇರಲಿ. ಕುಂಬಾರರಿಗೂ ಹೇಳಿ: 300 ಮಿ.ಲೀ. ಮಗ್ ಮಾಡಿ ಕಾಫಿ ಮಗ್ ಅನ್ನಬೇಡಿ, ತಳದಲ್ಲಿ ಕಾಫಿ ಕಳೆದುಹೋಗುತ್ತೆ. ಅಂಚಿನವರೆಗೆ 150 ಹಿಡಿಸಿದರೆ ಆರಾಮಾಗಿ 120 ಕುಡಿಯಬಹುದು. ಅಂಚು 3 ಮಿ.ಮೀ. ಸಾಕು, ಹೊರಕ್ಕೆ ಸ್ವಲ್ಪ ತಿರುಗಿರಲಿ.

ತಟ್ಟೆ ಬಗ್ಗೆ: ಅನ್ನದ ಗುಡ್ಡೆಯಿಂದ ಸಾರು ಹರಿಯುತ್ತೆ, ಆದ್ದರಿಂದ ಅಂಚು ಕನಿಷ್ಠ 2 ಸೆಂ.ಮೀ. ಎದ್ದಿರಲಿ. 27 ಸೆಂ.ಮೀ. ತಟ್ಟೆ 900 ಗ್ರಾಂ ದಾಟಿದರೆ ಕೈಯಲ್ಲಿ ಹಿಡಿದು ಬಡಿಸಿಕೊಳ್ಳೋಕೆ ಆಗಲ್ಲ. ಬುಡಕ್ಕೆ ಹೊರಗೊಂದು, ನಡುವೆ ಒಂದು ಉಂಗುರ ಬೇಕು, ಇಲ್ಲದಿದ್ದರೆ ನಡುಭಾಗ ಕುಸಿದು ತಟ್ಟೆ ಬುಗುರಿ ಥರ ತಿರುಗುತ್ತೆ. ಬುಡದ ಉಂಗುರವನ್ನು 220 ನಂಬರ್ ವಾಟರ್‌ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ಒರಟು ಬುಡ ಗ್ರಾನೈಟ್ ಮೇಲೂ ಗೀರು ಬಿಡುತ್ತೆ, ಒಂದರ ಮೇಲೊಂದು ಇಟ್ಟರೆ ಕೆಳಗಿನ ತಟ್ಟೆಯ ಗ್ಲೇಜ್ ಹಾಳು.

ಟೀಪಾಟ್‌ಗೆ ಮೂರು ನೋಡಿ. ಮೂತಿಯ ತುದಿ ಬಾಯಿಯ ಮಟ್ಟಕ್ಕಿಂತ ಕೆಳಗಿದ್ದರೆ ಪೂರ್ತಿ ತುಂಬೋಕೆ ಆಗಲ್ಲ. ಮುಚ್ಚಳದಲ್ಲಿ ಗಾಳಿಗೆ ತೂತು ಇಲ್ಲದಿದ್ದರೆ ಗುಳುಗುಳು ಅಂತ ಚೆಲ್ಲುತ್ತೆ. ಮೂತಿಯ ಕೆಳತುದಿ ದುಂಡಗಿದ್ದರೆ ಕೊನೆಯ ಹನಿ ಮೂತಿ ಹಿಡಿದು ಇಳಿಯುತ್ತೆ, ಚೂಪಾಗಿದ್ದರೆ ಕತ್ತರಿಸುತ್ತೆ. ಹಾಲ್‌ನಲ್ಲಿ ಒಂದು ಟೀಪಾಟ್, ನಾಲ್ಕು ಬಟ್ಟಲು, ಒಂದು ಜಗ್ ನೀರು, ಒಂದು ಟವೆಲ್ ಇಟ್ಟು ‘ಸುರಿದು ನೋಡಿ’ ಅಂತ ಬರೆದುಬಿಡಿ. ‘ಮುಟ್ಟಬೇಡಿ’ ಬೋರ್ಡ್ ನಿತ್ಯಬಳಕೆಯ ಪ್ರದರ್ಶನಕ್ಕೆ ಮೈಲಿಗೆ.

ಟೇಬಲ್ 75–80 ಸೆಂ.ಮೀ. ಎತ್ತರ, ಅಂಚಿನಿಂದ 15 ಸೆಂ.ಮೀ. ಖಾಲಿ ಬಿಡಿ, ಬ್ಯಾಗಿನ ಪಟ್ಟಿ ಸಿಕ್ಕಿಕೊಳ್ಳೋದು ಅಲ್ಲೇ. ಜಾಡಿ ನೆಲಮಟ್ಟದ ಪೀಠದ ಮೇಲೆ. ಮಡಿಸುವ ಟೇಬಲ್ ಮೇಲೆ ತಟ್ಟೆ ಗುಡ್ಡೆ ಹಾಕಬೇಡಿ, 30 ತಟ್ಟೆ ಅಂದರೆ 25 ಕಿಲೋ ಹತ್ತಿರ.

ಸಿಲಿಕಾ_ಸಾಕಾ

ಕೆಂಪು ಮಡಕೆಗಳಿಗೆ ಬೇರೆ ಬಣ್ಣದ ಚೀಟಿ ಇರಲಿ, ಬೇರೆ ಟೇಬಲ್ ಇದ್ದರೆ ಇನ್ನೂ ಒಳ್ಳೆಯದು. ಅವು ಕಡಿಮೆ ಶಾಖದಲ್ಲಿ ಸುಟ್ಟವು, ನೀರು ಕುಡಿಯೋದೇ ಅವುಗಳ ಗುಣ. ಮೊಸರು ಗಟ್ಟಿಯಾಗಿ ಹೆಪ್ಪಾಗೋದೂ, ಹೂಜಿ ನೀರು ತಣ್ಣಗಿರೋದೂ ಅದರಿಂದಲೇ. ಸೂಚನೆ: ಮೊದಲ ಸಲ ಒಂದು ದಿನ ನೀರಲ್ಲಿ ಮುಳುಗಿಸಿ, ಆಮೇಲೆ ಅಕ್ಕಚ್ಚು ತುಂಬಿ ಸಣ್ಣ ಉರಿಯಲ್ಲಿ ಕುದಿಸಿ ಚೆಲ್ಲಿ. ಸೋಪು ಬೇಡ. ಮೈಮೇಲೆ ವಾರ್ನಿಷ್ ಅಥವಾ ಬಣ್ಣದ ಹೊಳಪು ಇದ್ದರೆ ಅಡುಗೆಗೆ ಮಾರಲೇಬೇಡಿ.

ಜನ ತಿರುಗುಮುರುಗು ಮಾಡಿಕೊಳ್ಳೋದು ಇಲ್ಲೇ: ಕೆಂಪು ಮಡಕೆ ಗ್ಯಾಸ್ ಮೇಲೆ ಇಡಬಹುದು, ದುಬಾರಿ ಸ್ಟೋನ್‌ವೇರ್ ಇಡೋಕಾಗಲ್ಲ. ಸ್ಟೋನ್‌ವೇರ್ ಗಟ್ಟಿ, ಆದರೆ ಒಂದೇ ಕಡೆ ಉರಿ ತಾಗಿದರೆ ಉಬ್ಬುವ ವ್ಯತ್ಯಾಸಕ್ಕೆ ಸೀಳುತ್ತೆ. ಮಡಕೆಯ ಸಡಿಲ ಮೈ ಅದನ್ನು ತಡೆದುಕೊಳ್ಳುತ್ತೆ. ‘ಒಲೆ ಮೇಲೆ ಇಡಬೇಡಿ, ಫ್ರಿಜ್‌ನಿಂದ ತೆಗೆದು ಕುದಿಯೋ ಸಾರು ಹುಯ್ಯಬೇಡಿ’ ಅಂತ ಸ್ಟೋನ್‌ವೇರ್ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ತಿಗರಿ_ಪಕ್ಕ

ಬಟ್ಟಲಿನ ಚೀಟಿ ಹೀಗೆ ಮಾಡಿದೆ, ನೋಡಿ ಹೇಳಿ:

“ಸ್ಟೋನ್‌ವೇರ್, ಎಲೆಕ್ಟ್ರಿಕ್ ಕಿಲ್ನ್. 150 ಮಿ.ಲೀ. ಒಳಗೆ ಬಿಳಿ ಗ್ಲೇಜ್, ಸೀಸ ಮತ್ತು ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕೌಂಟರ್‌ನಲ್ಲಿದೆ. ಕೈಯಲ್ಲಿ ತೊಳೆಯಿರಿ, ಬೋರಲು ಹಾಕದೆ ಬುಡ ಮೇಲೆ ಮಾಡಿ ಒಣಗಿಸಿ. ಮೈಕ್ರೋವೇವ್, ಒಲೆ ಬೇಡ.”

ಡಬರಿ_ಲೋಟ

ಬೋರಲು ಹಾಕೋದು, ಬುಡ ಮೇಲೆ ಮಾಡೋದು ಎರಡೂ ಒಂದೇ ಅಲ್ವಾ ಸ್ವಾಮಿ! ‘ಬೋರಲು ಹಾಕಿ ಒಣಗಿಸಿ’ ಅಷ್ಟೇ ಸಾಕು, ಬುಡಕ್ಕೆ ಗಾಳಿ ಆಡಲಿ. ಉಳಿದದ್ದು ಚೆನ್ನಾಗಿದೆ. ಲ್ಯಾಬ್ ವರದಿ ಕೈಗೆ ಬರೋವರೆಗೂ ಆ ಸಾಲನ್ನು ಪ್ರಿಂಟ್‌ಗೆ ಕೊಡಬೇಡಿ.

ಮಿಡಿ_ಉಪ್ಪು

ಪ್ಯಾಕಿಂಗ್ ಕೇಳಿದ್ದಿರಿ. ತಟ್ಟೆಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ತುಂಬಿ. ಮಲಗಿಸಿದರೆ ರಸ್ತೆಯ ಒಂದು ಗುಂಡಿ ಹಾರುವಷ್ಟರಲ್ಲಿ ಮೇಲಿನ ತೂಕವೆಲ್ಲ ಕೆಳಗಿನದರ ನಡುವಿಗೆ ಬೀಳುತ್ತೆ. ಒಂದೊಂದಕ್ಕೂ ಎರಡು ಸುತ್ತು ಪೇಪರ್, ನಡುವೆ ಕಾರ್ಡ್‌ಬೋರ್ಡ್. ಬಟ್ಟಲಿನ ಹಿಡಿಕೆಯ ತೂತಿಗೆ ಮೊದಲು ಪೇಪರ್ ಉಂಡೆ ತುರುಕಿ, ಆಮೇಲೆ ಸುತ್ತಿ. ಜಾಡಿ ಮುಚ್ಚಳ ಬೇರೆ ಸುತ್ತಿ ಬೋರಲು ಮಾಡಿ ಬಾಯಿ ಮೇಲೆ ಇಡಿ. ಐದು ಪದರದ ಡಬ್ಬ, ಸುತ್ತ 5 ಸೆಂ.ಮೀ. ಒಣಹುಲ್ಲು ಅಥವಾ ಪೇಪರ್ ಚೂರು. ಮುಚ್ಚಿದ ಮೇಲೆ ಅಲ್ಲಾಡಿಸಿ, ಒಳಗೆ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ಹಾಲ್‌ನಲ್ಲಿ ಕೊಂಡವರು ಹೆಚ್ಚಿನವರು ಆಟೋದಲ್ಲೋ ಸ್ಕೂಟರ್ ಹುಕ್ಕಿಗೆ ತಗುಲಿಸಿಕೊಂಡೋ ಹೋಗುತ್ತಾರೆ, ಹಾಗಾಗಿ ಕೈಚೀಲ ಬೇಡ, ಡಬ್ಬಕ್ಕೇ ಹಗ್ಗದ ಹಿಡಿ ಕಟ್ಟಿ ಕೊಡಿ.